ಗಬ್ಬುಕಾಳಿಗೆ ಸೂಜಿಯಕ್ಕನ ರುಜು

ಬೆಳಗಿನ ಆರೂವರೆಗೆ ರಕ್ತಪರೀಕ್ಷೆಯ ಲ್ಯಾಬಿನ ಕಿಟಕಿ ತೆರೆದ ಕೂಡಲೇ ಸೂಜಿಯಕ್ಕ ಎದುರಿಗೆ ನಿಂತವರ ಹೆಸರು ಕೇಳುತ್ತಿರಲಿಲ್ಲ, ವಯಸ್ಸೂ ಕೇಳುತ್ತಿರಲಿಲ್ಲ. "ಕೊನೇ ಸಲ ಬಾಯಿಗೆ ಏನು ಹಾಕ್ಕೊಂಡ್ರಿ? ಎಷ್ಟು ಹೊತ್ತಿಗೆ?" ಎಂದು ಕೇಳುತ್ತಿದ್ದಳು. ಬೇರೆ ಲ್ಯಾಬುಗಳಲ್ಲಿ "ಖಾಲಿ ಹೊಟ್ಟೇನಾ?" ಎಂದು ಕೇಳುತ್ತಾರೆ, ಬಂದವರು ತಲೆಯಾಡಿಸುತ್ತಾರೆ, ಅಲ್ಲಿಗೆ ಮುಗಿಯಿತು. ಆದರೆ ಖಾಲಿ ಹೊಟ್ಟೆಯ ಅರ್ಥ ಒಬ್ಬೊಬ್ಬರಿಗೆ ಒಂದೊಂದು ಎಂಬುದನ್ನು ಇಪ್ಪತ್ತೆರಡು ವರ್ಷದ ಕೆಲಸ ಅವಳಿಗೆ ಕಲಿಸಿತ್ತು. ಟೀ ಕುಡಿದವರ ಹೊಟ್ಟೆ ಖಾಲಿ, ಯಾಕೆಂದರೆ ಟೀ ನೀರು. ಬಾಳೆಹಣ್ಣು ತಿಂದವರ ಹೊಟ್ಟೆಯೂ ಖಾಲಿ, ಯಾಕೆಂದರೆ ಹಣ್ಣು ಊಟವಲ್ಲ. ಒಬ್ಬ ಮುದುಕರಂತೂ ದವಡೆಯಲ್ಲಿ ಬ್ರೆಡ್ಡು ಅಗಿಯುತ್ತಲೇ "ನಿನ್ನೆಯಿಂದ ಏನೂ ತಿಂದಿಲ್ಲಮ್ಮ" ಎಂದಿದ್ದರು. ಹಾಗಾಗಿ ಅವಳ ರಿಜಿಸ್ಟರಿನಲ್ಲಿ ಬೇರೆ ಎಲ್ಲೂ ಇಲ್ಲದ ಒಂದು ಕಾಲಂ ಇತ್ತು. ಸ್ಕೇಲಿಟ್ಟು ಅವಳೇ ಎಳೆದುಕೊಂಡದ್ದು. ಅದರ ಮೇಲೆ "ತಿಂದದ್ದು" ಎಂದು ಬರೆದಿತ್ತು.

ಅವಳ ಕೈ ಬಲು ಹಗುರ. ಮಕ್ಕಳು ಅಳುವುದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಸೂಜಿ ಹೊರಗೆ ಬಂದಿರುತ್ತಿತ್ತು. ನಾಲಿಗೆ ಮಾತ್ರ ಸೂಜಿಗಿಂತ ಚೂಪು. ಸೂಜಿಯಕ್ಕ ಎಂಬ ಹೆಸರು ಕೈಯಿಂದ ಬಂತೋ ನಾಲಿಗೆಯಿಂದ ಬಂತೋ ಎಂಬುದರಲ್ಲಿ ಬೀದಿಯವರಿಗೆ ಒಮ್ಮತವಿರಲಿಲ್ಲ. ಆದರೆ ಒಂದು ವಿಷಯದಲ್ಲಿ ಎಲ್ಲರದೂ ಒಂದೇ ಮಾತು. ರಿಪೋರ್ಟಿನ ಕೆಳಗೆ ಅವಳ ರುಜು ಇದ್ದರೆ ಇನ್ನೊಂದು ಕಡೆ ಹೋಗಿ ಪರೀಕ್ಷೆ ಮಾಡಿಸಬೇಕಾಗಿಲ್ಲ. ಎದುರಿನ ಆಸ್ಪತ್ರೆಯ ಡಾಕ್ಟರುಗಳು ಕೂಡ ಕಾಗದದ ತುದಿಯಲ್ಲಿ ಆ ಓರೆ ಅಕ್ಷರಗಳನ್ನು ನೋಡಿ ಆಮೇಲೆ ಮೇಲಕ್ಕೆ ಕಣ್ಣು ಹಾಯಿಸುತ್ತಿದ್ದರು.

ಕಳೆದ ವರ್ಷ ಕಿಟಕಿಯಲ್ಲಿ ಒಂದು ಹೊಸ ಉತ್ತರ ಕೇಳತೊಡಗಿತು.

"ಏನೂ ಇಲ್ಲಕ್ಕ. ಬರೀ ಒಂದು ಹಿಡಿ ಗಬ್ಬುಕಾಳು."

"ಹಾಗಾದ್ರೆ ತಿಂದಿದ್ದೀರಿ."

"ಅದು ಊಟ ಅಲ್ಲಕ್ಕ, ಔಷಧಿ."

ಗಬ್ಬುಕಾಳು ಕಾಣದವರಿಗೆ ಸ್ವಲ್ಪ ಹೇಳಬೇಕು. ಎತ್ತರದ ಕಾಡುಮರದಲ್ಲಿ ಗೊಂಚಲಾಗಿ ಜೋಲುವ, ಮೊಳದುದ್ದದ, ತಿರುಚಿಕೊಂಡ ಹಸಿರು ಕೋಡು. ಒಳಗೆ ಹೆಬ್ಬೆರಳಿನ ಉಗುರಿನಷ್ಟು ದಪ್ಪನೆಯ ಕಾಳುಗಳು. ಸುಲಿದ ಕೂಡಲೇ ಏಳುವ ವಾಸನೆ ಇದೆಯಲ್ಲ, ಜಜ್ಜಿದ ಬೆಳ್ಳುಳ್ಳಿಯನ್ನು ಒದ್ದೆ ಕಾಲುಚೀಲದಲ್ಲಿ ಕಟ್ಟಿ ಎರಡು ದಿನ ಮರೆತ ಹಾಗೆ. ಹಸಿಯಾಗಿ ತಿಂದರೆ ಮೊದಲು ಕಹಿ, ಹಿಂದಿನಿಂದ ಒಂದು ಸಿಹಿ. ಸುಟ್ಟರೆ ಇನ್ನೂ ರುಚಿ. ತಿಂದವರ ಬಾಯಿ ಒಂದು ದಿನ ನಾರುತ್ತದೆ, ಮೂತ್ರ ಎರಡು ದಿನ. ಗಂಡ ಹೆಂಡತಿಗೆ ಸುಳ್ಳು ಹೇಳಬಹುದು, ರೋಗಿ ಡಾಕ್ಟರಿಗೆ ಸುಳ್ಳು ಹೇಳಬಹುದು, ಸೂಜಿಯಕ್ಕನ ಕಿಟಕಿಯಲ್ಲಿಟ್ಟ ಬಾಟಲಿ ಸುಳ್ಳು ಹೇಳುತ್ತಿರಲಿಲ್ಲ. ಮುಚ್ಚಳ ತೆಗೆದರೆ ಸಾಕು, ನಿನ್ನೆ ಯಾರ ಮನೆಯಲ್ಲಿ ಏನು ನಡೆದಿದೆ ಎಂದು ಅವಳಿಗೆ ತಿಳಿಯುತ್ತಿತ್ತು.

ಇಷ್ಟು ದಿನ ಊರು ಮೂಗು ಮುರಿದು ಕದ್ದು ತಿನ್ನುತ್ತಿದ್ದ ಈ ಕಾಳು ಒಂದೇ ತಿಂಗಳಲ್ಲಿ ಸಂಜೀವಿನಿಯಾಯಿತು. ಎಲ್ಲರ ಫೋನಿಗೂ ಒಂದು ಮೆಸೇಜು ಬಂತು. ಇಪ್ಪತ್ನಾಲ್ಕು ಕಾಯಿಲೆಗೆ ಒಂದೇ ಕಾಳು. ಸಕ್ಕರೆ ಇಳಿಯುತ್ತದೆ, ಬಿಪಿ ಇಳಿಯುತ್ತದೆ, ಮೂತ್ರಪಿಂಡ ತೊಳೆದಿಟ್ಟ ಪಾತ್ರೆಯಂತಾಗುತ್ತದೆ, ಬೋಳು ತಲೆಯಲ್ಲಿ ಕೂದಲು, ಬೇಸರವಾದ ಮನಸ್ಸಿಗೆ ಹುರುಪು. ಕೆಳಗೆ ಯಾವುದೋ ದೇಶದ ಯಾವುದೋ ಪ್ರೊಫೆಸರು ಎಂದಷ್ಟೇ ಬರೆದಿತ್ತು. ಹಿತ್ತಲ ಗಿಡ ಮದ್ದಲ್ಲ ಎನ್ನುವವರೆಲ್ಲ ಹಿತ್ತಲಿಗೇ ಓಡಿದರು. ಹಸಿ ಕಾಳಿನಲ್ಲಿ ಒಳ್ಳೆಯದು ಏನೂ ಇಲ್ಲವೆಂದು ಸೂಜಿಯಕ್ಕ ಯಾವತ್ತೂ ಹೇಳಿಲ್ಲ. ಕಾಳು ಕಾಳೇ, ಸೊಪ್ಪು ಸೊಪ್ಪೇ, ತಿಂದರೆ ಮೈಗೆ ಒಳ್ಳೆಯದು. ಅಷ್ಟಕ್ಕೇ ನಿಲ್ಲಬೇಕಿದ್ದ ಮಾತು ಅಷ್ಟಕ್ಕೆ ನಿಲ್ಲಲಿಲ್ಲ, ಅವಳ ಸಿಟ್ಟು ಇದ್ದದ್ದು ಅದಕ್ಕೆ.

ಆ ಸಿಟ್ಟಿಗೆ ಅವಳಿಗೆ ಅಧಿಕಾರವೂ ಇತ್ತು. ಅವಳ ತಾಯಿ ಐವತ್ತೆರಡು ವರ್ಷದಿಂದ ಮಾರ್ಕೆಟ್ಟಿನಲ್ಲಿ ಗಬ್ಬುಕಾಳು ಮಾರುವವಳು. ತರಕಾರಿ ಸಾಲಿನವರು ವಾಸನೆ ತಡೆಯಲಾರದೆ ಅವಳನ್ನು ಸಾಲಿನ ಕೊನೆಗೆ, ಚರಂಡಿಯ ಪಕ್ಕಕ್ಕೆ ತಳ್ಳಿದ್ದರು. ಊರಿಗೆಲ್ಲ ಅವಳು ಕಾಳಜ್ಜಿ. ಮಗಳನ್ನು ಶಾಲೆಯಲ್ಲಿ ಕೊನೆಯ ಬೆಂಚಿನಲ್ಲಿ, ಕಿಟಕಿ ಪಕ್ಕ ಕೂರಿಸುತ್ತಿದ್ದರು. ಹುಡುಗಿ ಅದಕ್ಕೆ ಅತ್ತವಳಲ್ಲ. ಮಧ್ಯಾಹ್ನದ ಡಬ್ಬಿಯನ್ನು ಕ್ಲಾಸಿನ ನಡುವೆ ತಂದಿಟ್ಟು ಮುಚ್ಚಳ ತೆಗೆದು, ಒಂದೊಂದೇ ಕಾಳನ್ನು ನಿಧಾನವಾಗಿ ಅಗಿಯುತ್ತಿದ್ದಳು. ಅವಳ ಅಪ್ಪ ಬಡಗಿ. ದಿನಾ ಸಂಜೆ ಬುಟ್ಟಿಯಲ್ಲಿ ಉಳಿದ ಕಾಳೆಲ್ಲ ಅವನ ತಟ್ಟೆಗೇ. ಊರಿನಲ್ಲಿ ಅವನಷ್ಟು ಗಬ್ಬುಕಾಳು ತಿಂದವರು ಇನ್ನೊಬ್ಬರಿರಲಿಲ್ಲ. ಅವನು ಸಕ್ಕರೆ ಕಾಯಿಲೆಯಲ್ಲಿ ಮೊದಲು ಒಂದು ಬೆರಳು, ಆಮೇಲೆ ಪಾದ, ಕೊನೆಗೆ ಮೊಣಕಾಲಿನ ತನಕ ಕಳೆದುಕೊಂಡು ಐವತ್ತೆಂಟಕ್ಕೆ ಸತ್ತ. ಮಗಳು ಆ ವರ್ಷವೇ ಲ್ಯಾಬಿನ ಕೋರ್ಸು ಸೇರಿದಳು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?

ಕೋಟಿನವನು ಲ್ಯಾಬಿಗೆ ಬಂದದ್ದು ಮೆಸೇಜು ಬಂದ ಎರಡು ತಿಂಗಳಿಗೆ. ಅಂಥ ಸೆಕೆಯಲ್ಲೂ ಕೋಟು ಬಿಚ್ಚದವನು, ಆದ್ದರಿಂದ ಆ ಹೆಸರು. ಅವನ ಕಂಪನಿ ಗಬ್ಬುಕಾಳಿನ ಪುಡಿಯನ್ನು ವಾಸನೆ ತೆಗೆದು ಕ್ಯಾಪ್ಸೂಲಿಗೆ ತುಂಬಿತ್ತು. ಅದನ್ನು ಸಕ್ಕರೆ ಕಾಯಿಲೆಯ ಮೂವತ್ತು ಜನರಿಗೆ ಆರು ವಾರ ಕೊಟ್ಟು, ಮೊದಲ ದಿನ ಒಂದು ಪರೀಕ್ಷೆ, ಕೊನೆಯ ದಿನ ಒಂದು ಪರೀಕ್ಷೆ ಮಾಡಿಸಬೇಕು. ಪರೀಕ್ಷೆ ಈ ಲ್ಯಾಬಿನದೇ ಆಗಬೇಕು, ರುಜು ಸೂಜಿಯಕ್ಕನದೇ ಬೇಕು. ಬದಲಿಗೆ ಕಂಪನಿ ಲ್ಯಾಬಿಗೆ ಒಂದು ಹೊಸ ಯಂತ್ರ ಕೊಡುತ್ತದೆ. ಲ್ಯಾಬಿನ ಯಜಮಾನರು ಕೆಟ್ಟವರಲ್ಲ. ಹಳೆಯ ಯಂತ್ರ ವಾರಕ್ಕೆರಡು ಸಲ ಮುಷ್ಕರ ಹೂಡುತ್ತಿತ್ತು, ಅದರ ಬೆನ್ನು ತಟ್ಟಿ ತಟ್ಟಿ ಅವರ ಕೈ ಸೋತಿತ್ತು. ಹೊಸ ಯಂತ್ರದ ಚಿತ್ರ ನೋಡಿದ ದಿನದಿಂದ ಅವರ ಕಣ್ಣಿಗೆ ಬೇರೆ ಏನೂ ಕಾಣಲಿಲ್ಲ.

ಮೊದಲ ಪರೀಕ್ಷೆ ಒಂದು ಭಾನುವಾರ, ಬೆಳಗ್ಗೆ ಹತ್ತೂವರೆಗೆ. ಕೋಟಿನವನು ಬಂದವರನ್ನೆಲ್ಲ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ತಾನೇ ನಿಂತು ಉಪಚಾರ ಮಾಡಿದ. ಜ್ಯಾಮ್ ಹಚ್ಚಿದ ಬನ್ನು, ಚಮಚ ನಿಲ್ಲುವಷ್ಟು ಸಕ್ಕರೆ ಹಾಕಿದ ಟೀ. ಮನೆಯಲ್ಲಿ ಯಾರೂ ಕೊಡದ ಸಿಹಿಯನ್ನು ಕೋಟಿನವನು ಕೈಯಾರೆ ಕೊಡುವಾಗ ಸಕ್ಕರೆ ಕಾಯಿಲೆಯವರು ಬೇಡವೆನ್ನುತ್ತಾರೆಯೇ? ಆಮೇಲೆ ಒಬ್ಬೊಬ್ಬರಾಗಿ ಕಿಟಕಿಗೆ ಬಂದರು. ಸೂಜಿಯಕ್ಕ ತನ್ನ ಪ್ರಶ್ನೆ ಕೇಳಿದಳು, ತನ್ನ ಕಾಲಂ ತುಂಬಿದಳು. ಬನ್ ಎರಡು, ಟೀ ಒಂದು, ಅರ್ಧ ಗಂಟೆ ಮೊದಲು. ಬನ್ ಒಂದು, ಟೀ ಎರಡು. ಬನ್ ಮೂರು, ಹೆಂಡತಿಗೆ ಹೇಳಬಾರದಂತೆ.

ಬನ್ ಮೂರು ತಿಂದವರು ದರ್ಜಿ ಮಾವ. ಬೀದಿಯ ಮೂಲೆಯಲ್ಲಿ ಅವರ ಅಂಗಡಿ. ಸೂಜಿಯಕ್ಕನ ಬಿಳಿ ಕೋಟುಗಳನ್ನೆಲ್ಲ ಹೊಲಿದವರು ಅವರೇ. ಎಪ್ಪತ್ತು ದಾಟಿದರೂ ಕನ್ನಡಕವಿಲ್ಲದೆ ದಾರ ಪೋಣಿಸುತ್ತಾರೆ ಎಂಬುದು ಅವರಿಗಿದ್ದ ಒಂದೇ ಜಂಬ. ಹನ್ನೆರಡು ವರ್ಷದಿಂದ ತಪ್ಪದೆ ಮಾತ್ರೆ ನುಂಗಿದ್ದಕ್ಕೆ ಉಳಿದ ಕಣ್ಣು ಅದು ಎಂದು ಸೂಜಿಯಕ್ಕನಿಗೆ ಗೊತ್ತಿತ್ತು. ಮಾವನ ಲೆಕ್ಕದಲ್ಲಿ ಅದು ವಂಶದ ಕಣ್ಣು.

"ತಾಯಿ, ಈ ಕಾಳಿನ ವಿಷಯ ನಿಜವಾಗಿ ಹೋದರೆ ಈ ಮಾತ್ರೆ ಡಬ್ಬಿ ಎತ್ತಿ ಬಿಸಾಕ್ತೀನಿ" ಎಂದರು ಅವರು, ಹತ್ತಿಯ ಚೂರನ್ನು ಮೊಣಕೈಯ ಮಡಿಕೆಗೆ ಒತ್ತಿಕೊಂಡು. "ಆ ಕೋಟಿನವನ ಮಾತು ನಾನು ನಂಬಲ್ಲ. ಕೊನೇಲಿ ನೀನು ಸೈನ್ ಮಾಡ್ತೀಯಲ್ಲ, ಅದನ್ನ ನೋಡಿ ಬಿಡ್ತೀನಿ."

"ಮಾತ್ರೆ ಬಿಟ್ರೆ ನಿಮ್ಮ ಅಂಗಡಿಗೆ ಬೀಗ ನಾನೇ ಹಾಕ್ತೀನಿ ಮಾವ" ಎಂದಳು ಸೂಜಿಯಕ್ಕ. ಮಾವ ನಕ್ಕರು. ಅವಳು ನಗಲಿಲ್ಲ.

ಈ ಆರು ವಾರದಲ್ಲಿ ಮಾರ್ಕೆಟ್ಟಿನಲ್ಲಿ ಇನ್ನೊಂದು ಕೆಲಸ ನಡೆಯಿತು. ಕೋಟಿನವನು ಕ್ಯಾಮೆರಾದವನನ್ನು ಕರೆತಂದು ಕಾಳಜ್ಜಿಯ ಫೋಟೋ ತೆಗೆಸಿದ. ಎಪ್ಪತ್ತೆಂಟರ ಮುದುಕಿ, ಬಾಯಲ್ಲಿ ಇನ್ನೂ ಹಲ್ಲು, ಕೈಯಲ್ಲಿ ಕೋಡಿನ ಗೊಂಚಲು. ಅದನ್ನು ಆಳೆತ್ತರದ ಪೋಸ್ಟರು ಮಾಡಿಸುತ್ತಾನೆಂದು ಕೇಳಿದ್ದೇ ತಡ, ಮಾರ್ಕೆಟ್ಟಿನ ಮುಖಂಡನಿಗೆ ಕಾಳಜ್ಜಿಯ ಮೇಲೆ ಇಲ್ಲದ ಮಮತೆ ಹುಟ್ಟಿ, ಅವಳಿಗೆ ಮುಂಬಾಗಿಲಿನ ಪಕ್ಕದಲ್ಲಿ ತಗಡಿನ ನೆರಳಿರುವ ಜಾಗ ಕೊಟ್ಟ. ಮುದುಕಿ ಆ ಬೆಳಗ್ಗೆ ನಿಂಬೆಸಿಪ್ಪೆ ತಿಕ್ಕಿ ತಿಕ್ಕಿ ಕೈ ತೊಳೆದುಕೊಂಡದ್ದನ್ನು ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು. ಅವಳಿಗೆ ಖುಷಿಯಾಯಿತು, ಹೆದರಿಕೆಯೂ ಆಯಿತು. ಅಮ್ಮ ಹಾಗೆ ನಗುವುದನ್ನು ಅಪ್ಪ ಸತ್ತ ಮೇಲೆ ಅವಳು ಕಂಡಿರಲಿಲ್ಲ.

ಕೊನೆಯ ಪರೀಕ್ಷೆಗೆ ಎಲ್ಲರೂ ಬೆಳಗ್ಗೆ ಆರೂವರೆಗೆ ಬರಬೇಕು, ಹಿಂದಿನ ಸಂಜೆಯ ಊಟದ ಮೇಲೆ ನೀರು ಬಿಟ್ಟು ಏನೂ ಮುಟ್ಟಬಾರದು ಎಂದು ಕೋಟಿನವನು ಮನೆಮನೆಗೆ ಫೋನ್ ಮಾಡಿಸಿದ. ಮೂವತ್ತು ಜನವೂ ಹಾಗೇ ಬಂದರು. "ತಿಂದದ್ದು" ಕಾಲಮ್ಮಿನಲ್ಲಿ ಸೂಜಿಯಕ್ಕ ಮೂವತ್ತು ಸಲ "ನೀರು" ಎಂದು ಬರೆದಳು. ಹತ್ತನೆಯವರಿಗೆ ಬರೆಯುವಾಗಲೇ ಅವಳಿಗೆ ಆಟ ಅರ್ಥವಾಯಿತು. ಬನ್ನು ತಿಂದ ಅರ್ಧ ಗಂಟೆಗೆ ಸಕ್ಕರೆ ಏರಿರುತ್ತದೆ, ಹನ್ನೆರಡು ಗಂಟೆ ಉಪವಾಸವಿದ್ದರೆ ಇಳಿದಿರುತ್ತದೆ. ಇದಕ್ಕೆ ಗಬ್ಬುಕಾಳೂ ಬೇಡ, ಸುಗಂಧಕಾಳೂ ಬೇಡ. ಆ ಮೂವತ್ತು ಜನರ ಬಾಯಿಗೆ ಆರು ವಾರ ಸೀಮೆಸುಣ್ಣ ಹಾಕಿದ್ದರೂ ಇದೇ ಅಂಕಿ ಬರುತ್ತಿತ್ತು.

ಸಂಜೆ ಯಜಮಾನರ ಕೋಣೆಗೆ ಅವಳನ್ನು ಕರೆದರು. ಮೇಜಿನ ಮೇಲೆ ಮೂವತ್ತು ರಿಪೋರ್ಟುಗಳು ಅಚ್ಚಾಗಿ ಬಂದಿದ್ದವು. ಮೊದಲ ದಿನ ಇಷ್ಟು, ಕೊನೆಯ ದಿನ ಇಷ್ಟು. ಇಪ್ಪತ್ತೆಂಟು ಜನರಿಗೆ ಇಳಿದಿತ್ತು. ಊಟದ ಮಾತು ಎಲ್ಲೂ ಇರಲಿಲ್ಲ. ಕೋಟಿನವನು ಪೆನ್ನಿನ ಟೋಪಿ ತೆಗೆದು ಅವಳ ಮುಂದೆ ಹಿಡಿದ.

"ಸಾರ್, ಇದಕ್ಕೆ ನಾನು ಸೈನ್ ಮಾಡಲ್ಲ" ಎಂದಳು ಅವಳು ಯಜಮಾನರಿಗೆ.

"ಯಾಕಮ್ಮ? ನಂಬರ್ ತಪ್ಪಾ? ನೀನೇ ಮಾಡಿದ ಪರೀಕ್ಷೆ ತಾನೇ?"

"ನಂಬರ್ ಸರಿ ಇದೆ ಸಾರ್. ಎರಡು ನಂಬರನ್ನ ಹೀಗೆ ಪಕ್ಕಪಕ್ಕ ಕೂರಿಸಿದ್ದು ತಪ್ಪು. ಒಂದು ಬನ್ ತಿಂದು ಬಂದಿದ್ದು, ಇನ್ನೊಂದು ಉಪವಾಸ ಇದ್ದು ಬಂದಿದ್ದು. ಆಡನ್ನೂ ಆನೆಯನ್ನೂ ಒಂದೇ ತಕ್ಕಡೀಲಿ ತೂಗಿದ ಹಾಗಾಯ್ತು."

ಕೋಟಿನವನು ಮೃದುವಾಗಿ ನಕ್ಕ. ಜನರ ಮೂಗಿಗೆ ತುಪ್ಪ ಸವರಿ ಅಭ್ಯಾಸವಿದ್ದ ನಗು ಅದು. "ಮೇಡಂ, ನಿಮ್ಮ ತಾಯೀನೇ ಈ ಕಾಳು ಮಾರಿ ನಿಮ್ಮನ್ನ ಓದಿಸಿದ್ದು. ಅದೇ ಕಾಳು ಇವತ್ತು ಪ್ರಪಂಚಕ್ಕೆ ಹೋಗ್ತಿದೆ. ನಿಮಗೆ ಹೆಮ್ಮೆ ಅನಿಸಲ್ವಾ?"

"ಹೆಮ್ಮೆ ಇರೋದಕ್ಕೇ ಹೇಳ್ತಿದೀನಿ" ಎಂದಳು ಸೂಜಿಯಕ್ಕ. ಅವಳ ದನಿ ಏರಲಿಲ್ಲ, ಆದರೆ ಕಿವಿ ಕೆಂಪಾಗಿತ್ತು. "ಮೊದಲು ಇದು ಗಬ್ಬು ಅಂತ ನಮ್ಮನ್ನ ದೂರ ಕೂರಿಸಿದ್ರಿ. ಆಗಲೂ ನಾವು ಇದನ್ನ ತಿಂದ್ವಿ. ಈಗ ಅಮೃತ ಅಂತೀರಿ. ಈಗಲೂ ತಿಂತೀವಿ. ಅದು ಊಟ ಸ್ವಾಮಿ. ಊಟವಾಗಿದ್ದಷ್ಟು ದಿನ ಅದು ಯಾರಿಗೂ ಮೋಸ ಮಾಡಿಲ್ಲ. ಅದರ ಕೈಯಲ್ಲಿ ನೀವು ಮೋಸ ಮಾಡಿಸಬೇಡಿ."

"ಈ ಲ್ಯಾಬಿಗೆ ಆ ಯಂತ್ರ ಬೇಕಮ್ಮ" ಎಂದರು ಯಜಮಾನರು, ಅವಳ ಮುಖ ನೋಡದೆ. "ಒಂದು ಸೈನು. ನಾನೇನು ನಿನ್ನ ಹತ್ತಿರ ಕಳ್ಳತನ ಮಾಡು ಅಂತಿದೀನಾ? ಬೆಳಗ್ಗೆ ಒಂಬತ್ತಕ್ಕೆ ಅವರು ಬಂದು ತಗೊಂಡು ಹೋಗ್ತಾರೆ. ಅಷ್ಟರಲ್ಲಿ ಮಾಡಿಟ್ಟಿರು. ಇಲ್ಲದಿದ್ರೆ ನಾಳೆಯಿಂದ ಕಿಟಕಿಗೆ ನಾನು ಬೇರೆಯವರನ್ನ ನೋಡ್ಕೋಬೇಕಾಗುತ್ತೆ."

ಮನೆಗೆ ಹೋಗಿ ಅಮ್ಮನಿಗೆ ಹೇಳಿದಾಗ ಅಮ್ಮ ಕೋಡು ಸುಲಿಯುತ್ತಿದ್ದವಳು ತಲೆ ಎತ್ತಲಿಲ್ಲ. ಎಲ್ಲ ಕೇಳಿಸಿಕೊಂಡು, ಸಿಪ್ಪೆಯನ್ನು ಪಕ್ಕಕ್ಕೆ ತಳ್ಳಿದಳು.

"ನಿನಗೆ ನನ್ನ ಮೇಲೆ ಹೊಟ್ಟೆಕಿಚ್ಚು ಕಣೇ."

"ಅಮ್ಮ, ಅಪ್ಪನಿಗೆ ಏನಾಯ್ತು ಅಂತ ನೀನು ನೋಡಿಲ್ವಾ?"

"ಅವರ ವಿಷಯ ತೆಗೀಬೇಡ" ಎಂದಳು ಮುದುಕಿ. "ಐವತ್ತೆರಡು ವರ್ಷ ಚರಂಡಿ ಪಕ್ಕ ಕೂತೆ. ನನ್ನ ಹತ್ತಿರ ಕಾಳು ತಗೊಳ್ಳೋರು ಕೂಡ ಮುಖ ಆ ಕಡೆ ಮಾಡಿ ತಗೊಂಡ್ರು. ಈಗ ನಾಲ್ಕು ಜನ ಅಜ್ಜಿ ಹೇಗಿದ್ದೀರಿ ಅಂತ ಕೇಳ್ತಾರೆ. ಅದನ್ನೂ ನೀನು ಕಿತ್ಕೋ. ಓದಿದವಳು ನೀನು, ನಿನಗೆ ಎಲ್ಲ ಗೊತ್ತು."

ಸೂಜಿಯಕ್ಕ ಬಿದ್ದಿದ್ದ ಸಿಪ್ಪೆಗಳನ್ನು ಬಾಚಿ ಮೊರಕ್ಕೆ ತುಂಬಿದಳು. ಚರಂಡಿ ಪಕ್ಕದ ಆ ವರ್ಷಗಳ ಬಗ್ಗೆ ಅಮ್ಮ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಾಗಿರಲಿಲ್ಲ. ಅಮ್ಮನ ಆ ಜಾಗ, ಮಾವನ ಕಣ್ಣು, ತನ್ನ ಕೆಲಸ, ಮೂರೂ ಒಂದು ರುಜುವಿನ ತುದಿಯಲ್ಲಿ ನೇತಾಡುತ್ತಿವೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ರುಜು ಹಾಕಿದರೆ ಇಬ್ಬರು ಉಳಿಯುತ್ತಾರೆ, ಒಬ್ಬರ ದೃಷ್ಟಿ ಹೋಗುತ್ತದೆ. ಒಬ್ಬರದಲ್ಲ, ಆ ಪೊಟ್ಟಣ ಎಷ್ಟು ಊರಿಗೆ ಹೋಗುತ್ತದೋ ಅಷ್ಟು ಜನರದು.

ಮಾರನೆಯ ದಿನ ಅವಳು ಎಂದಿಗಿಂತ ಒಂದು ಗಂಟೆ ಮೊದಲೇ ಲ್ಯಾಬಿಗೆ ಹೋದಳು. ರಿಜಿಸ್ಟರು ತೆರೆದಿಟ್ಟು, ನೀಲಿ ಶಾಯಿಯ ಪೆನ್ನು ತೆಗೆದುಕೊಂಡು, ಮೂವತ್ತು ರಿಪೋರ್ಟಿಗೂ ರುಜು ಹಾಕಿದಳು. ರುಜು ಹಾಕುವ ಮೊದಲು ಪ್ರತಿಯೊಂದರಲ್ಲೂ ಅಂಕಿಗಳ ಪಕ್ಕ ತನ್ನ ಕೈಯಾರೆ ಎರಡು ಸಾಲು ಬರೆದಳು. ಮೊದಲ ದಿನ ಇವರು ತಿಂದದ್ದು ಇಷ್ಟು ಬನ್ನು, ಕುಡಿದದ್ದು ಇಷ್ಟು ಟೀ, ಅರ್ಧ ಗಂಟೆಯ ನಂತರ ಪರೀಕ್ಷೆ. ಕೊನೆಯ ದಿನ ಖಾಲಿ ಹೊಟ್ಟೆ. ಇವೆರಡನ್ನು ಹೋಲಿಸುವ ಹಾಗಿಲ್ಲ. ಮಾತ್ರೆ ನಿಲ್ಲಿಸಬೇಡಿ. ಒಂಬತ್ತರ ತನಕ ಕಾಯುವ ಕೆಲಸವನ್ನೂ ಅವಳು ಇಟ್ಟುಕೊಳ್ಳಲಿಲ್ಲ. ರಕ್ತ ಯಾರದೋ ರಿಪೋರ್ಟೂ ಅವರದೇ ಎನ್ನುವುದು ಲ್ಯಾಬಿನ ಹಳೆಯ ನಿಯಮ. ಮೂವತ್ತು ಜನರಿಗೂ ಫೋನ್ ಮಾಡಿ ಏಳೂವರೆಗೆ ಕರೆದು, ಕಿಟಕಿಯಲ್ಲಿ ಒಬ್ಬೊಬ್ಬರ ಕೈಗೂ ಅವರವರ ಕಾಗದ ಕೊಟ್ಟಳು.

ಜನ ಅವಳನ್ನು ಹೊತ್ತು ಮೆರೆಸಿದರು ಎಂದುಕೊಳ್ಳಬೇಡಿ. ಒಬ್ಬ ಹೆಂಗಸು, "ನಮಗೆ ವಾಸಿಯಾಗೋದು ನಿನಗೆ ಇಷ್ಟ ಇಲ್ವಾ?" ಎಂದು ಜಗಳ ತೆಗೆದಳು. ಇನ್ನೊಬ್ಬ ಕಾಗದ ಮಡಿಸಿ ಜೇಬಿಗೆ ಹಾಕಿಕೊಂಡು, ಬೇರೆ ಲ್ಯಾಬು ಇಲ್ಲವೇ ಎಂದು ಗೊಣಗಿಕೊಂಡು ಹೋದ. ದರ್ಜಿ ಮಾವ ಮಾತ್ರ ಎರಡು ಸಾಲನ್ನೂ ತುಟಿಯಾಡಿಸಿ ಓದಿದರು.

"ಮೂರು ಬನ್ನು ಅಂತ ಬರೆದುಬಿಟ್ಟೆಯಲ್ಲ ತಾಯಿ" ಎಂದರು. "ಇದನ್ನ ನಾನು ಮನೇಲಿ ಎಲ್ಲಿ ಅಂತ ಬಚ್ಚಿಡಲಿ?"

"ಮಾತ್ರೆ ಡಬ್ಬಿ ಒಳಗಿಡಿ ಮಾವ. ದಿನಾ ಎರಡು ಸಲ ಕಣ್ಣಿಗೆ ಬೀಳುತ್ತೆ."

ಒಂಬತ್ತಕ್ಕೆ ಕೋಟಿನವನು ಬಂದು ಖಾಲಿ ಮೇಜು ನೋಡಿದ. ಯಜಮಾನರು ತಲೆಯ ಮೇಲೆ ಕೈ ಹೊತ್ತು ಕೂತರು. ಹತ್ತಕ್ಕೆ ಸೂಜಿಯಕ್ಕ ತನ್ನ ಬಿಳಿ ಕೋಟು ಮಡಿಸಿ ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದಳು. ಬೀದಿಯಲ್ಲಿ ಅಷ್ಟು ಹೊತ್ತಿನ ಬಿಸಿಲನ್ನು ಅವಳು ನೋಡಿ ಇಪ್ಪತ್ತೆರಡು ವರ್ಷವಾಗಿತ್ತು. ಅಳು ಬಂತು. ಅತ್ತಳು, ಮುಖ ಮುಚ್ಚಿಕೊಳ್ಳದೆ ನಡುಬೀದಿಯಲ್ಲೇ ಅತ್ತುಕೊಂಡು ಮನೆಗೆ ನಡೆದಳು.

ಕೋಟಿನವನಿಗೆ ಲ್ಯಾಬಿಗೇನು ಬರ? ಬೇರೆಲ್ಲೋ ಬೇರೆ ಯಾರದೋ ರುಜು ಹಾಕಿಸಿ ಎರಡೇ ವಾರದಲ್ಲಿ ಪೊಟ್ಟಣ ಹೊರಗೆ ತಂದ. ಮಾರ್ಕೆಟ್ಟಿನ ಮುಂಬಾಗಿಲಲ್ಲಿ ಆಳೆತ್ತರದ ಪೋಸ್ಟರು ಬಂತು. ಕಾಳಜ್ಜಿಯ ನಗುಮುಖ, ಕೆಳಗೆ ದೊಡ್ಡ ದೊಡ್ಡ ಅಕ್ಷರ. ಅವಳು ಅದರ ಕೆಳಗೇ ಬುಟ್ಟಿ ಇಟ್ಟುಕೊಂಡು ಕೂತಳು. ಹಾಗಾಗಿ ಅವಳ ಜಾಗವಂತೂ ಹೋಗಲಿಲ್ಲ, ಮಗಳ ಕೆಲಸ ಮಾತ್ರ ಹೋಯಿತು. ತಾಯಿ ಮಗಳ ನಡುವೆ ಮಾತು ನಿಂತೇ ಹೋಗಿತ್ತು. ಅನ್ನ ಬಡಿಸುವಾಗ ತಟ್ಟೆಯ ಸದ್ದೊಂದೇ. ಆಸ್ಪತ್ರೆಯ ಲ್ಯಾಬಿಗೆ ಸೂಜಿಯಕ್ಕ ಅರ್ಜಿ ಕೊಟ್ಟು ಕಾಯುತ್ತಿದ್ದಳು. ಪೋಸ್ಟರನ್ನು ಅವಳು ಒಂದು ಸಲ ದೂರದಿಂದ ಓದಿದ್ದಳು. ಓದಿ, ಅಮ್ಮ ಇಷ್ಟಕ್ಕೂ ಇಳಿದಳಲ್ಲ ಎಂದು ಹೊಟ್ಟೆ ಉರಿದು ಅತ್ತ ಹೋಗುವುದನ್ನೇ ಬಿಟ್ಟಿದ್ದಳು.

ಪೋಸ್ಟರು ಬಂದ ನಾಲ್ಕನೆಯ ವಾರ, ಒಂದು ಬೆಳಗ್ಗೆ, ಮಾರ್ಕೆಟ್ಟಿನ ಹೂಕೋಸಿನವನು ಮನೆಯ ಬಾಗಿಲಿಗೆ ಬಂದು, "ಅಕ್ಕ, ಅಜ್ಜಿ ಕರೀತಿದ್ದಾರೆ. ನಿಮ್ಮ ಚುಚ್ಚೋ ಮಿಷನ್ ತರಬೇಕಂತೆ" ಎಂದ. ಅವಳು ಬೆರಳು ಚುಚ್ಚಿ ಸಕ್ಕರೆ ನೋಡುವ ಪುಟ್ಟ ಯಂತ್ರವನ್ನು ಚೀಲಕ್ಕೆ ಹಾಕಿಕೊಂಡು ಓಡಿದಳು. ಅಮ್ಮನಿಗೇ ಏನೋ ಆಗಿದೆ ಎಂದುಕೊಂಡಿದ್ದಳು.

ಅಮ್ಮ ನೆಟ್ಟಗೆ ನಿಂತಿದ್ದಳು. ಅವಳ ಸ್ಟೂಲಿನ ಮೇಲೆ ದರ್ಜಿ ಮಾವ ಕೂತಿದ್ದರು. ಅವರ ಮಡಿಲಲ್ಲಿ ಎರಡು ಕೋಡು. ಒಂದರ ತುಂಬ ಹುಳದ ತೂತು.

"ನೋಡು" ಎಂದಳು ಕಾಳಜ್ಜಿ, ಮಗಳಿಗೆ ತಿಂಗಳ ಮೇಲೆ ಆಡಿದ ಮೊದಲ ಮಾತು. "ಮೂವತ್ತು ವರ್ಷದಿಂದ ನನ್ನ ಹತ್ತಿರ ಆರಿಸಿ ಆರಿಸಿ ತಗೊಳ್ಳೋ ಮನುಷ್ಯ. ಒಂದು ಗೆರೆ ಬಿದ್ದ ಕೋಡು ಮುಟ್ಟಲ್ಲ. ಇವತ್ತು ಈ ಹುಳುಕನ್ನ ತಡವಿ ತಡವಿ ಎತ್ಕೊಂಡ. ಕೇಳಿದ್ರೆ ಎಲ್ಲ ಮಂಜು ಮಂಜು ಅಂತಾನೆ."

ಸೂಜಿಯಕ್ಕ ಮಂಡಿಯೂರಿ ಕೂತು ಮಾವನ ಬೆರಳು ಚುಚ್ಚಿದಳು. ಯಂತ್ರ ತೋರಿಸಿದ ಅಂಕಿಯನ್ನು ಎರಡು ಸಲ ಓದಿದಳು. "ಮಾತ್ರೆ ಯಾವಾಗ ಬಿಟ್ರಿ ಮಾವ?"

"ಮೂರು ವಾರ ಆಯ್ತು" ಎಂದರು ಅವರು, ತಪ್ಪು ಮಾಡಿದ ದನಿಯಲ್ಲಿ. "ನೀನು ಬರೆದಿದ್ದು ಓದಿದೆ ತಾಯಿ. ಆದ್ರೆ ನಿಮ್ಮ ಅಮ್ಮ ಯಾವತ್ತೂ ಸುಳ್ಳು ಹೇಳಿದವರಲ್ಲ. ಅವರೇ ಇಲ್ಲಿ ಹೇಳಿದ್ದಾರಲ್ಲ, ಮೇಲೆ."

"ನಾನೇನು ಹೇಳಿದೆ?" ಎಂದಳು ಕಾಳಜ್ಜಿ.

ಮಾವ ಪೋಸ್ಟರಿನ ಕಡೆ ಕೈ ತೋರಿಸಿದರು. ಕಾಳಜ್ಜಿ ತಿರುಗಿ, ತನ್ನ ಮುಖದ ಕೆಳಗಿನ ಅಕ್ಷರಗಳನ್ನು ನೋಡಿದಳು. ಮೂರು ವಾರದಿಂದ ಅದಕ್ಕೇ ಬೆನ್ನು ಕೊಟ್ಟು ಕೂತಿದ್ದಳು. ಅವಳಿಗೆ ಓದು ಬರುತ್ತಿರಲಿಲ್ಲ. ಅದು ಮಗಳಿಗೆ ಗೊತ್ತಿದ್ದ ಸಂಗತಿಯೇ. ಸಿಟ್ಟಿನಲ್ಲಿ ಮರೆತೇ ಹೋಗಿತ್ತು.

"ಏನು ಬರೆದಿದೆ ಓದು" ಎಂದಳು ಮಗಳಿಗೆ.

ಸೂಜಿಯಕ್ಕ ಓದಿದಳು. "ನನಗೆ ಎಪ್ಪತ್ತೆಂಟು ವರ್ಷ. ಹುಟ್ಟಿದಾಗಿನಿಂದ ಒಂದೇ ಒಂದು ಮಾತ್ರೆ ನುಂಗಿಲ್ಲ. ನನ್ನ ಗುಟ್ಟು ಗಬ್ಬುಕಾಳು."

ಕಾಳಜ್ಜಿ ಸೀರೆಯ ಸೆರಗಿನ ಗಂಟು ಬಿಚ್ಚಿ ಬಿಪಿ ಮಾತ್ರೆಯ ಪಟ್ಟಿ ಹೊರತೆಗೆದು ಅಂಗೈಯಲ್ಲಿಟ್ಟು ಎಲ್ಲರಿಗೂ ಕಾಣುವಂತೆ ಹಿಡಿದಳು. "ಹದಿನಾರು ವರ್ಷದಿಂದ ನುಂಗ್ತಿದೀನಿ. ದಿನಾ. ಇದನ್ನ ನಾನು ಹೇಳಿದೆ ಅಂತ ಯಾವ ಮುಂಡೇಮಗ ಬರೆದ?"

"ನೀನೇ ಹೇಳಿದ್ದೀಯ ಅಂದ್ಕೊಂಡೆ ಅಮ್ಮ."

"ಅಂದ್ಕೊಂಡೆ. ಬಂದು ಕೇಳಿದ್ಯಾ? ನನಗೆ ಓದು ಬರಲ್ಲ, ನಿನಗೆ ಬಾಯಿ ಬರಲ್ವಾ?"

ಸೂಜಿಯಕ್ಕನಿಗೆ ಆ ಮಾತು ನಾಟಿತು. ಮೂವತ್ತು ಜನರನ್ನು ಕರೆದು ಕರೆದು ಕಾಗದ ಕೊಟ್ಟವಳು ಮನೆಯಲ್ಲಿದ್ದ ಒಬ್ಬಳಿಗೆ ಒಂದು ಸಾಲು ಓದಿ ಹೇಳಿರಲಿಲ್ಲ. ಹೇಳಿದ್ದರೆ ಮಾವನ ಮೂರು ವಾರ ಉಳಿಯುತ್ತಿತ್ತು. ಅವಳು ತಲೆ ತಗ್ಗಿಸಿ ಮಾವನನ್ನು ಆಸ್ಪತ್ರೆಗೆ ಕರೆದೊಯ್ಯಲು ಎಬ್ಬಿಸಹೋದಳು.

"ನಿಲ್ಲು. ಮೊದಲು ಇದನ್ನ ಕತ್ತರಿಸು" ಎಂದಳು ಕಾಳಜ್ಜಿ. ಹೂಕೋಸಿನವನ ಚಾಕು ಕಿತ್ತುಕೊಂಡು ಮಗಳ ಕೈಗೆ ಕೊಟ್ಟಳು.

ಸೂಜಿಯಕ್ಕ ಪೋಸ್ಟರಿನ ಮೇಲಿನ ತುದಿಗೆ ಚಾಕು ಹಾಕಿದಳು.

"ಅಲ್ಲಲ್ಲ. ಮುಖ ಇರಲಿ. ಚೆನ್ನಾಗಿ ಬಂದಿದೆ. ಬರಹ ಮಾತ್ರ ತೆಗಿ."

ಅವಳು ಅಮ್ಮನ ಗಲ್ಲದ ಕೆಳಗಿನಿಂದ ಅಡ್ಡಕ್ಕೆ ಕುಯ್ದು ಅಕ್ಷರಗಳನ್ನೆಲ್ಲ ಕೆಳಗೆ ಬೀಳಿಸಿದಳು. ಅಷ್ಟರಲ್ಲಿ ಮಾರ್ಕೆಟ್ಟಿನ ಮುಖಂಡ ಓಡಿಬಂದ. ಅವನು ಫೋನ್ ಮಾಡಿದ್ದಕ್ಕೆ ಸ್ವಲ್ಪ ಹೊತ್ತಿನಲ್ಲಿ ಕೋಟಿನವನೂ ಬಂದ. ಅಷ್ಟು ಹೊತ್ತಿಗೆ ಮಾವನ ಜೊತೆ ಮಗಳು ಹೊರಟುಹೋಗಿದ್ದಳು ಎಂದುಕೊಂಡರೆ ತಪ್ಪು. ಮಾವ ಏಳಲು ಒಪ್ಪಿರಲಿಲ್ಲ. ಇದನ್ನು ನೋಡಿಯೇ ಬರುತ್ತೇನೆ ಎಂದು ಹಟ ಹಿಡಿದು ಸ್ಟೂಲಿನ ಮೇಲೇ ಕೂತಿದ್ದರು, ಕಾಣುವುದು ಮಂಜಾದರೂ ಕಿವಿ ನೆಟ್ಟಗಿತ್ತು.

"ಅಜ್ಜಿ, ಇದು ಕಂಪನಿಯ ಪೋಸ್ಟರು" ಎಂದ ಕೋಟಿನವನು. "ನೀವು ಒಪ್ಪಿ ಹೆಬ್ಬೆಟ್ಟು ಒತ್ತಿದ್ದೀರಿ."

"ಮುಖಕ್ಕೆ ಒತ್ತಿದೆ. ಸುಳ್ಳಿಗೆ ಒತ್ತಿಲ್ಲ" ಎಂದಳು ಕಾಳಜ್ಜಿ. ಕೆಳಗೆ ಬಿದ್ದಿದ್ದ ಅಕ್ಷರಗಳ ಪಟ್ಟಿಯನ್ನು ಎತ್ತಿ, ಸುರುಳಿ ಸುತ್ತಿ, ಅವನ ಕೋಟಿನ ಎದೆಗೆ ಒತ್ತಿ ಹಿಡಿದಳು. "ಮುಖ ನಂದು, ಮಾತು ನಿಂದು. ನಿನ್ನ ಮಾತು ನೀನು ತಗೊಂಡು ಹೋಗಪ್ಪ."

"ಹಾಗಾದ್ರೆ ಈ ಜಾಗ ಬಿಡಬೇಕಾಗುತ್ತೆ ಅಜ್ಜಿ" ಎಂದ ಮುಖಂಡ.

"ಎಬ್ಬಿಸು ನೋಡೋಣ" ಎಂದು ಮುದುಕಿ ಬುಟ್ಟಿಯ ಹಿಂದೆ ಚಕ್ಕಳಮಕ್ಕಳ ಹಾಕಿ ಕೂತಳು. ಆಳೆತ್ತರದ ಜಾಗದಲ್ಲಿ ಅವಳ ಮುಖವೊಂದೇ ಉಳಿದು ನಗುತ್ತಿತ್ತು. ಕೆಳಗಿನ ಮುಖ ನಗುತ್ತಿರಲಿಲ್ಲ. ಸುತ್ತ ಸೇರಿದ್ದ ತರಕಾರಿಯವರು ಯಾರೂ ಮೂಗು ಮುಚ್ಚಿಕೊಂಡಿರಲಿಲ್ಲ, ಯಾರೂ ಅವಳ ಬುಟ್ಟಿಗೆ ಕೈ ಹಾಕಲೂ ಇಲ್ಲ. ಮುಖಂಡ ಅವರ ಮುಖ ನೋಡಿದ, ಕೋಟಿನವನ ಮುಖ ನೋಡಿದ, ಏನೋ ಕೆಲಸ ನೆನಪಾದವನಂತೆ ಅಕ್ಕಿಯ ಸಾಲಿನ ಕಡೆ ನಡೆದ.

ಮಾವನನ್ನು ಎಬ್ಬಿಸಿಕೊಂಡು ಹೊರಟ ಸೂಜಿಯಕ್ಕ ಬುಟ್ಟಿಯ ಹತ್ತಿರ ನಿಂತಳು. "ಅಮ್ಮ" ಎಂದಳು.

"ನಿನಗೋಸ್ಕರ ಮಾಡಿದೆ ಅಂದ್ಕೋಬೇಡ" ಎಂದಳು ಕಾಳಜ್ಜಿ, ಕೋಡು ಸುಲಿಯುತ್ತ. "ನಾಳೆ ಇವನಿಗೆ ಕಣ್ಣು ಹೋದ್ರೆ ಊರು ಕೋಟಿನವನನ್ನ ಬೈಯಲ್ಲ. ಗಬ್ಬುಕಾಳು ತಿಂದು ಹೋಯ್ತು ಅನ್ನುತ್ತೆ. ನನ್ನ ಕಾಳಿಗೆ ಆ ಹೆಸರು ಬರಬಾರದು."

ಮಾವನ ಮಡಿಲಿನಿಂದ ಬಿದ್ದಿದ್ದ ಹುಳುಕು ಕೋಡನ್ನು ಅವಳು ಪಕ್ಕಕ್ಕೆ ಎಸೆದು, ಬುಟ್ಟಿಯಿಂದ ಒಳ್ಳೆಯದೊಂದನ್ನು ಆರಿಸಿ ಎತ್ತಿಟ್ಟಳು. ಮುಂದಿನ ಗಿರಾಕಿ ಒಬ್ಬ ಹೆಂಗಸು, ಗಂಡನ ಸಕ್ಕರೆಗೆ ಎಂದು ನಾಲ್ಕು ಕೋಡು ಕೇಳಿದಳು. ಕಾಳಜ್ಜಿ ಬುಟ್ಟಿಯ ಮೇಲೆ ಎರಡೂ ಕೈ ಅಡ್ಡ ಇಟ್ಟಳು.

"ಅವನು ಮಾತ್ರೆ ನುಂಗಿದ್ದಾನಾ?"

"ಇಲ್ಲಜ್ಜಿ, ಈಗ ಕಾಳು ತಿಂತಾನಲ್ಲ ಅಂತ..."

"ಹಾಗಾದ್ರೆ ಹೋಗಿ ನುಂಗಿಸಿ ಬಾ. ಅಲ್ಲೀತನಕ ನಿನಗೆ ಇಲ್ಲಿ ಒಂದು ಕಾಳೂ ಇಲ್ಲ."